ಎಂಟು ರುಜುಗಳ ಕಾಗದ: ಗಿಣಿಗೇರಾದಿಂದ ಒಡಿಶಾಕ್ಕೆ ಹೊರಟ ಕಾರ್ಮಿಕರೊಬ್ಬರ ಪ್ರಕರಣ

2025ರ ಫೆಬ್ರವರಿ 24ರ ಸಂಜೆ ನನ್ನ ಮೇಜಿನೆದುರು ಬಂದು ಕುಳಿತವರು ಪ್ಲಾಸ್ಟಿಕ್ ಚೀಲವೊಂದರಿಂದ ಮೂರು ಕಾಗದಗಳನ್ನು ತೆಗೆದಿಟ್ಟರು. ಒಂದು, ಒಡಿಶಾದ ಕೇಂದುಝರ್ ಜಿಲ್ಲೆಯ ಸ್ಪಾಂಜ್ ಐರನ್ (ಅದಿರಿನಿಂದ ತೆಗೆದ, ಉಕ್ಕು ಮಾಡಲು ಬಳಸುವ ಕಬ್ಬಿಣ) ಕಾರ್ಖಾನೆಯಿಂದ ಬಂದ ನೇಮಕಾತಿ ಪತ್ರ. ಮಾರ್ಚ್ 17ರೊಳಗೆ ಹಾಜರಾಗಬೇಕು, ಬರುವಾಗ ಹಿಂದಿನ ಮಾಲೀಕರ ಬಿಡುಗಡೆ ಪತ್ರ ತರಬೇಕು ಎಂದು ಅದರಲ್ಲಿತ್ತು. ಇನ್ನೊಂದು, ಅವರೇ ಕೈಯಾರೆ ಬರೆದ ರಾಜೀನಾಮೆಯ ಪ್ರತಿ, ಫೆಬ್ರವರಿ 3ರದ್ದು. ಮತ್ತೊಂದು, ಮಾರ್ಚ್ 13ರ ಅಮರಾವತಿ ಎಕ್ಸ್‌ಪ್ರೆಸ್‌ನ ಸ್ಲೀಪರ್ ಟಿಕೆಟ್, ಕೊಪ್ಪಳದಿಂದ ಭುವನೇಶ್ವರಕ್ಕೆ. ಮೂರಕ್ಕೂ ದಿನಾಂಕವಿತ್ತು. ಅವರಿಗೆ ಬೇಕಾಗಿದ್ದ ನಾಲ್ಕನೆಯ ಕಾಗದ, ಅಂದರೆ ಬಿಡುಗಡೆ ಪತ್ರ, ಯಾವತ್ತು ಕೈಗೆ ಸಿಗುತ್ತದೆ ಎಂದು ಹೇಳುವವರು ಮಾತ್ರ ಅವರ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ.

ಕೊಪ್ಪಳದಲ್ಲಿ ಕಾರ್ಮಿಕರಿಗೆ ಭವಿಷ್ಯ ನಿಧಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ಅರ್ಜಿಗಳನ್ನು ಬರೆದುಕೊಡುವುದು ನನ್ನ ಕೆಲಸ. ಬಿಡುಗಡೆ ಪತ್ರ ತಡವಾದ ಪ್ರಕರಣಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ಹೆಚ್ಚಿನವು ಒಂದೆರಡು ಫೋನಿನಲ್ಲಿ ಮುಗಿಯುತ್ತವೆ. ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣ, ಇಲ್ಲಿ ಯಾರೂ ಬೇಕೆಂದೇ ತೊಂದರೆ ಕೊಡಲಿಲ್ಲ; ಆದರೂ ಒಂದು ಕುಟುಂಬ ಎರಡು ತಿಂಗಳಿಗೂ ಹೆಚ್ಚು ಕಾಲ ಎರಡು ಕಡೆ ಹರಿದು ಬಾಳಬೇಕಾಯಿತು. ಹೀಗಾದದ್ದು ಎಲ್ಲೆಲ್ಲಿ ಎಂಬುದನ್ನು ದಿನಾಂಕ ಹಿಡಿದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳ ಸುತ್ತಮುತ್ತ ಉಕ್ಕು ಮತ್ತು ಸ್ಪಾಂಜ್ ಐರನ್ ಕಾರ್ಖಾನೆಗಳು ಒತ್ತೊತ್ತಾಗಿವೆ. ಸಂಡೂರು ಕಡೆಯ ಅದಿರು ಹತ್ತಿರ, ತುಂಗಭದ್ರೆಯ ನೀರು ಹತ್ತಿರ, ಹುಬ್ಬಳ್ಳಿ–ಗುಂತಕಲ್ ರೈಲು ಮಾರ್ಗ ಪಕ್ಕದಲ್ಲೇ. ಈ ಕಾರ್ಮಿಕರು 2015ರ ಆಗಸ್ಟ್ 10ರಂದು ಅಂಥದೊಂದು ಕಾರ್ಖಾನೆಗೆ ಸಹಾಯಕರಾಗಿ ಸೇರಿ, ನಾಲ್ಕು ವರ್ಷಗಳ ನಂತರ ಕಿಲ್ನ್ (ಕುಲುಮೆ) ಆಪರೇಟರ್ ಆದವರು. ಅದಿರು, ಕಲ್ಲಿದ್ದಲು, ಡಾಲೊಮೈಟ್ ತುಂಬಿ ನಿಧಾನವಾಗಿ ತಿರುಗುವ ಆ ಉದ್ದನೆಯ ಕೊಳವೆಯಲ್ಲಿ ಸುಮಾರು 1,000 ಡಿಗ್ರಿ ಶಾಖವನ್ನು ಏರದಂತೆ, ಇಳಿಯದಂತೆ ಕಾಯುವುದು ಕಲಿತ ಕೈಗೆ ಮಾತ್ರ ಸಾಧ್ಯವಾದ ಕೆಲಸ. ಜೋಡಾ, ಬಡಬಿಲ್ ಕಡೆ ಅದಿರಿನ ಗಣಿಗಳ ಆಸುಪಾಸಿನಲ್ಲೂ ಇಂಥ ಕಿಲ್ನ್‌ಗಳು ಇರುವುದರಿಂದ ಅಲ್ಲಿಂದ ಕರೆ ಬಂದದ್ದು ಆಶ್ಚರ್ಯವಲ್ಲ. ಸಂಬಳ ಇಲ್ಲಿಗಿಂತ ಹೆಚ್ಚು, ಮೇಲಾಗಿ ಮನೆ ಕೊಡುತ್ತಾರೆ, ಕಾಲೊನಿಯಲ್ಲೇ ಶಾಲೆಯಿದೆ. ಮಾರ್ಚ್ ಮುಗಿಯುವುದರೊಳಗೆ ಹಾಜರಾದವರಿಗೆ ಮನೆ ಹಂಚುವುದಾಗಿ ಆ ಕಾರ್ಖಾನೆ ತಿಳಿಸಿತ್ತು. ತಾವು ಮೊದಲು ಹೋಗಿ ಮನೆ ಹಿಡಿಯುವುದು, ನಾಲ್ಕನೆಯ ತರಗತಿಯ ಮಗಳ ಪರೀಕ್ಷೆಯ ಫಲಿತಾಂಶ ಏಪ್ರಿಲ್ ಎರಡನೆಯ ವಾರ ಬಂದ ಕೂಡಲೇ ಹೆಂಡತಿ, ಮಕ್ಕಳನ್ನು ಕರೆಸಿಕೊಳ್ಳುವುದು, ಇದು ಅವರ ಲೆಕ್ಕ. ಒಡಿಶಾದಲ್ಲಿ ಶಾಲೆಗಳು ಏಪ್ರಿಲ್‌ನಲ್ಲೇ ಶುರುವಾಗುತ್ತವೆ. ಭಾಗ್ಯನಗರದಲ್ಲಿದ್ದ ಬಾಡಿಗೆ ಮನೆಯನ್ನು ಏಪ್ರಿಲ್ ಮಧ್ಯದಲ್ಲಿ ಬಿಡುವುದಾಗಿ ಮಾಲೀಕರಿಗೆ ಹೇಳಿಯಾಗಿತ್ತು. ಅವರು ಮುಂದಿನ ಬಾಡಿಗೆದಾರರಿಂದ ಮುಂಗಡ ಪಡೆದೂ ಆಗಿತ್ತು.

ಮೊದಲ ಎಡವಟ್ಟು ರಾಜೀನಾಮೆಯ ದಿನವೇ ಆಯಿತು. ಕಾರ್ಖಾನೆಯ ಸ್ಥಾಯೀ ಆದೇಶದ, ಅಂದರೆ ಸೇವಾ ನಿಯಮಗಳ, ಪ್ರಕಾರ ಒಂದು ತಿಂಗಳ ಮುನ್ಸೂಚನೆ ಕೊಡಬೇಕು. ಅವರು ಫೆಬ್ರವರಿ 3ರಂದು ಪತ್ರವನ್ನು ಶಿಫ್ಟ್ ಇನ್‌ಚಾರ್ಜ್ ಕೈಗೆ ಕೊಟ್ಟು, ತಮ್ಮ ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದರು. ನಾನು ಅದನ್ನು ಬಿಡಿಸಿ ನೋಡಿದೆ. ಮೊಹರಿಲ್ಲ, ಸ್ವೀಕೃತಿಯ ರುಜುವಿಲ್ಲ, ಒಳಬಂದ ಕಾಗದದ ಕ್ರಮಸಂಖ್ಯೆಯಿಲ್ಲ. ಶಿಫ್ಟ್ ಇನ್‌ಚಾರ್ಜ್ ಅದನ್ನು ವಿಭಾಗದ ಮುಖ್ಯಸ್ಥರಿಗೆ ಕೊಟ್ಟರು, ಮುಖ್ಯಸ್ಥರು ರಜೆಯಲ್ಲಿದ್ದರು, ಅವರು ಬಂದು ಷರಾ ಬರೆದು ಎಚ್.ಆರ್. ವಿಭಾಗಕ್ಕೆ ಕಳಿಸುವಷ್ಟರಲ್ಲಿ ಫೆಬ್ರವರಿ 12 ಆಗಿತ್ತು. ಎಚ್.ಆರ್. ವಿಭಾಗದ ದಾಖಲೆಯಲ್ಲಿ ರಾಜೀನಾಮೆ ಬಂದ ದಿನ ಅದೇ. ಹಾಗಾಗಿ ಮಾರ್ಚ್ 3ಕ್ಕೆ ಮುಗಿಯಬೇಕಿದ್ದ ಮುನ್ಸೂಚನೆ ಅವಧಿ ಮಾರ್ಚ್ 12ಕ್ಕೆ ಹೋಯಿತು, ಅದರ ಮರುದಿನವೇ ರೈಲು. ಒಂಬತ್ತು ವರ್ಷ ದುಡಿದವರು ಕೊಟ್ಟ ಪತ್ರಕ್ಕೆ ಕೊಟ್ಟ ದಿನದ ಬೆಲೆ ಸಿಗಲಿಲ್ಲ ಎನ್ನುವುದು ನನಗೆ ಈಗಲೂ ನೋವಿನ ಸಂಗತಿ. ಆದರೆ ಸ್ವೀಕೃತಿಯಿಲ್ಲದ ಕಾಗದವನ್ನು ಹಿಡಿದು ವಾದ ಮಾಡಲು ನನ್ನಲ್ಲಿ ಆಧಾರವಿರಲಿಲ್ಲ.

ಇನ್ನೊಂದು ತಪ್ಪು ನನ್ನದು. ಆ ಸಂಜೆಯೇ ಎಚ್.ಆರ್. ವಿಭಾಗಕ್ಕೆ ಲಿಖಿತವಾಗಿ ಒಂದು ಪತ್ರ ಹಾಕಿಸಬೇಕಿತ್ತು. ಇನ್ನೂ ಹದಿನೈದು ದಿನಗಳಿವೆ, ಸಂಬಂಧ ಕೆಡಿಸಿಕೊಳ್ಳುವುದು ಬೇಡ, ಬೇಬಾಕಿ ಪತ್ರಕ್ಕೆ (ಕಾರ್ಖಾನೆಗೆ ಯಾವ ಬಾಕಿಯೂ ಇಲ್ಲವೆಂಬ ಪತ್ರ) ರುಜು ಹಾಕಿಸಿಕೊಳ್ಳಲು ಶುರುಮಾಡಿ ಎಂದು ಹೇಳಿ ಕಳಿಸಿದೆ. ಮೂರು ವಾರಗಳು ಹಾಗೆಯೇ ಹೋದವು. ಆ ದಿನ ನಾನು ಸರಿಯಾಗಿ ಹೇಳಿದ್ದು ಒಂದೇ ಮಾತು: ಭವಿಷ್ಯ ನಿಧಿಯ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ತಂದೆಯ ಹೆಸರಿನ ಮೊದಲಕ್ಷರವಿತ್ತು, ಆಧಾರ್‌ನಲ್ಲಿ ಮನೆತನದ ಹೆಸರಿತ್ತು; ಇದನ್ನು ಕೆಲಸದಲ್ಲಿರುವಾಗಲೇ ಸರಿಪಡಿಸಿಕೊಳ್ಳಿ ಎಂದೆ. 2017ರ ಅಕ್ಟೋಬರ್ 1ರ ನಂತರ ಯುಎಎನ್ (ಭವಿಷ್ಯ ನಿಧಿಯ ಸದಸ್ಯರ ಖಾಯಂ ಸಂಖ್ಯೆ) ಪಡೆದವರು ಇಂಥ ತಿದ್ದುಪಡಿಯನ್ನು ತಾವೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಲು 2025ರ ಜನವರಿಯಿಂದ ಅವಕಾಶವಿದೆ. ಇವರದು ಅದಕ್ಕಿಂತ ಹಿಂದಿನದು, ಮಾಲೀಕರ ಒಪ್ಪಿಗೆ ಬೇಕೇ ಬೇಕು. ಎಚ್.ಆರ್. ವಿಭಾಗದ ಯುವ ಗುಮಾಸ್ತೆಯೊಬ್ಬರು ಆ ತಿದ್ದುಪಡಿಗೆ ಕಾರ್ಮಿಕರೂ ಮಾಲೀಕರೂ ಸೇರಿ ಕೊಡುವ ಜಂಟಿ ಘೋಷಣೆಯನ್ನು ಕೇಳಿದ ದಿನವೇ ಅನುಮೋದಿಸಿದರು. ಆಕೆಯ ಕೈಯಲ್ಲಿದ್ದ ಕೆಲಸ ಆಕೆಯಿಂದ ತಡವಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ಬೇಬಾಕಿ ಪತ್ರ ಎಂದರೆ ಒಂದೇ ಹಾಳೆ. ಎಡಗಡೆ ವಿಭಾಗದ ಹೆಸರು, ನಡುವೆ ‘ಬಾಕಿ ಇದ್ದರೆ ವಿವರ’, ಬಲಗಡೆ ರುಜು. ಇವರ ಕಾರ್ಖಾನೆಯಲ್ಲಿ ಎಂಟು ಸಾಲು: ಸ್ವಂತ ವಿಭಾಗ, ಸುರಕ್ಷತೆ, ಸ್ಟೋರ್, ಕ್ಯಾಂಟೀನ್, ಟೈಮ್ ಆಫೀಸ್, ನೌಕರರ ಪತ್ತಿನ ಸಂಘ, ಲೆಕ್ಕಪತ್ರ, ಕೊನೆಗೆ ಎಚ್.ಆರ್. ರುಜುಗಳು ಮೇಲಿನಿಂದ ಕೆಳಕ್ಕೆ ಕ್ರಮವಾಗಿಯೇ ಬೀಳಬೇಕು. ಮೇಲಿನವರು ಹಾಕದೆ ಕೆಳಗಿನವರು ಹಾಕುವುದಿಲ್ಲ. ರುಜುವಿನ ಪಕ್ಕದಲ್ಲಿ ದಿನಾಂಕಕ್ಕೆಂದು ಅಂಕಣವೇ ಇಲ್ಲ. ಯಾವ ವಿಭಾಗಕ್ಕೆ ಈ ಕಾಗದ ಎಂದು ಬಂತು, ಅಲ್ಲಿ ಎಷ್ಟು ದಿನ ಕೂತಿತು ಎಂಬುದು ಆ ಹಾಳೆಯಿಂದ ಎಂದಿಗೂ ತಿಳಿಯುವುದಿಲ್ಲ. ಹೊತ್ತುಕೊಂಡು ತಿರುಗಬೇಕಾದವರು ಬಿಟ್ಟು ಹೋಗುವ ಕಾರ್ಮಿಕರೇ, ಅದೂ ತಮ್ಮ ಪಾಳಿ ಮುಗಿದ ಮೇಲೆ. ರಾತ್ರಿ ಪಾಳಿಯಲ್ಲಿದ್ದವರು ಬೆಳಿಗ್ಗೆ ಆರಕ್ಕೆ ಹೊರಬಿದ್ದು, ಕಚೇರಿ ತೆರೆಯುವ ಒಂಬತ್ತೂವರೆಯವರೆಗೆ ಗೇಟಿನ ಬಳಿಯ ಚಹಾದಂಗಡಿಯಲ್ಲಿ ಕುಳಿತಿರುತ್ತಿದ್ದರು.

ಮೊದಲ ಸಾಲು ಮೂರು ದಿನಗಳಲ್ಲಿ ಮುಗಿಯಿತು. ಎರಡನೆಯದರಲ್ಲಿ ಕಾಗದ ನಿಂತಿತು. ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನಿಲದ ಅಪಾಯ ಸದಾ ಇರುತ್ತದೆ, ವಾಸನೆಯಿಲ್ಲ, ಬಣ್ಣವಿಲ್ಲ. ಅದಕ್ಕೆ ಕಿಲ್ನ್ ಮೇಲಿನ ಕೆಲಸದವರಿಗೆ ಜೇಬಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಗ್ಯಾಸ್ ಡಿಟೆಕ್ಟರ್ ಕೊಡುತ್ತಾರೆ. ಸುರಕ್ಷತಾ ವಿಭಾಗದ ರಿಜಿಸ್ಟರ್‌ನಲ್ಲಿ ಅಂಥ ಒಂದು ಉಪಕರಣ ಇವರ ಹೆಸರಿನಲ್ಲಿ 2022ರಿಂದಲೂ ಇತ್ತು, ಬೆಲೆ ರೂ. 16,500 ಎಂದು ಬರೆದಿತ್ತು. ವಾಸ್ತವದಲ್ಲಿ ಅದು ಯಾರೊಬ್ಬರ ವಶದಲ್ಲೂ ಇರಲಿಲ್ಲ. ಪಾಳಿ ಬದಲಾದಂತೆ ಒಬ್ಬರಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಮಾತಿನಲ್ಲಿ ಕೊಟ್ಟರು, ಮಾತಿನಲ್ಲಿ ಪಡೆದರು, ರಿಜಿಸ್ಟರ್‌ನಲ್ಲಿ ಯಾರೂ ಬರೆಯಲಿಲ್ಲ. ಈಗ ಅದು ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ಉಪಕರಣ ತಂದೊಪ್ಪಿಸಿ ಇಲ್ಲವೇ ಹಣ ಕಟ್ಟಿ ಎಂಬುದು ಸುರಕ್ಷತಾ ಅಧಿಕಾರಿಯ ಮಾತು. ಅವರ ದೃಷ್ಟಿಯಿಂದ ಅದೂ ತಪ್ಪಲ್ಲ, ಏಕೆಂದರೆ ಪ್ರಾಣ ಕಾಯುವ ಸಾಮಾನು ಲೆಕ್ಕ ತಪ್ಪಿದರೆ ನಾಳೆ ಉತ್ತರ ಹೇಳಬೇಕಾದವರು ಅವರೇ. ಆದರೆ ಒಂದು ಉಪಕರಣದ ಹುಡುಕಾಟಕ್ಕೂ ಮನುಷ್ಯನೊಬ್ಬನ ಬಿಡುಗಡೆಗೂ ಗಂಟು ಹಾಕಿದ್ದು ಸರಿಯಲ್ಲ ಎಂಬ ನನ್ನ ಅಭಿಪ್ರಾಯ ಅಂದಿಗೂ ಇಂದಿಗೂ ಒಂದೇ.

ಇದರ ಜೊತೆಗೆ, ಬಿಡುಗಡೆ ಪತ್ರಕ್ಕೆ ರುಜು ಹಾಕುವ ಅಧಿಕಾರ ಗಿಣಿಗೇರಾದಲ್ಲಿ ಯಾರಿಗೂ ಇರಲಿಲ್ಲ. ಕಡತ ಬೆಂಗಳೂರಿನ ಕೇಂದ್ರ ಕಚೇರಿಗೆ ಹೋಗಬೇಕು. ಅಲ್ಲಿ ವಿವಿಧ ಘಟಕಗಳ ಪತ್ರಗಳನ್ನು ಒಟ್ಟು ಮಾಡಿ ಹದಿನೈದು ದಿನಗಳಿಗೊಮ್ಮೆ ರುಜುವಿಗೆ ಇಡುತ್ತಾರೆ. ಮೇಲಾಗಿ ಅದು ಮಾರ್ಚ್ ತಿಂಗಳು, ಲೆಕ್ಕಪತ್ರ ವಿಭಾಗ ವರ್ಷಾಂತ್ಯದ ಕೆಲಸದಲ್ಲಿ ಮುಳುಗಿತ್ತು. ಹೋದಾಗಲೆಲ್ಲ ಸಿಗುತ್ತಿದ್ದ ಉತ್ತರ ‘ಮೇಲ್ ಹಾಕೇವಿ, ಬಂದ ಕೂಡ್ಲೆ ಫೋನ್ ಮಾಡ್ತೀವಿ’ ಎಂಬುದು. ಫೋನ್ ಬರಲಿಲ್ಲ. ಮಾರ್ಚ್ 10ರಂದು ಅವರು ಟಿಕೆಟ್ ರದ್ದು ಮಾಡಿದರು. ಪ್ರಯಾಣಕ್ಕೆ 48 ಗಂಟೆಗೂ ಮೊದಲೇ ಮಾಡಿದ್ದರಿಂದ ಸ್ಲೀಪರ್‌ಗೆ ಕಡಿತವಾದದ್ದು ರೂ. 120 ಮಾತ್ರ. ಹಣ ದೊಡ್ಡದಲ್ಲ. ಅಂದು ಸಂಜೆ ಅವರು ನನ್ನಲ್ಲಿ ಹೇಳಿದ ಮಾತು ಬೇರೆಯದೇ ಇತ್ತು: “ಸರ್, ನಾ ಒಲ್ಲೆ ಅಂತ ಬಿಟ್ಟು ಹೊಂಟಿಲ್ಲ. ಒಂಬತ್ತು ವರ್ಷ ಒಂದಿನಾನೂ ಹೇಳದ ಕೇಳದ ಗೈರಾಗಿಲ್ಲ. ಈಗ ಒಂದು ಕಾಗದಕ್ಕ ದಿನಾ ಹೋಗಿ ಬಾಗಿಲದಾಗ ನಿಂದ್ರೋದು ಮನಸಿಗೆ ಭಾಳ ಹತ್ತೇತ್ರಿ.”

ಆ ದಿನವೇ ನಾವು ಒಡಿಶಾದ ಕಾರ್ಖಾನೆಗೆ ಮೇಲ್ ಬರೆದು, ಬಿಡುಗಡೆ ಪತ್ರ ತಡವಾಗುತ್ತಿರುವ ಕಾರಣವನ್ನು ಇದ್ದಂತೆ ತಿಳಿಸಿ, ಗಡುವು ಮುಂದೂಡಲು ಕೇಳಿದೆವು. ಏಪ್ರಿಲ್ 1ರವರೆಗೆ ಅವಕಾಶ ಸಿಕ್ಕಿತು. ಮನೆ ಹಂಚಿಕೆಯ ಬಗ್ಗೆ ಮಾತ್ರ ಭರವಸೆ ಕೊಡಲಾಗದು ಎಂದು ಅದರಲ್ಲೇ ಬರೆದಿದ್ದರು. ಮಾರ್ಚ್ 12ರಂದು ಇಲ್ಲಿನ ಕೊನೆಯ ಪಾಳಿ ಮುಗಿಯಿತು. ಅಲ್ಲಿಂದ ಮುಂದೆ ಅವರಿಗೆ ಎರಡೂ ಕಡೆ ಸಂಬಳವಿರಲಿಲ್ಲ.

ಕಾರ್ಮಿಕ ಇಲಾಖೆಗೆ ದೂರು ಕೊಡುವ ಯೋಚನೆಯನ್ನು ನಾವು ಮಾಡಿ ಕೈಬಿಟ್ಟೆವು. ನೋಟಿಸು, ವಿಚಾರಣೆಯ ದಿನ, ಮುಂದೂಡಿಕೆ ಎಂದು ಅದಕ್ಕೆ ಅದರದೇ ನಡೆಯಿದೆ; ಏಪ್ರಿಲ್ 1ಕ್ಕೆ ಕೇಂದುಝರ್‌ನಲ್ಲಿ ಇರಬೇಕಾದವರಿಗೆ ಆ ದಾರಿ ಹೊಂದುವುದಿಲ್ಲ. ಬದಲಿಗೆ ಮಾರ್ಚ್ 17ರಂದು ಘಟಕದ ಮುಖ್ಯಸ್ಥರಿಗೂ ಕೇಂದ್ರ ಕಚೇರಿಗೂ ನೋಂದಾಯಿತ ಅಂಚೆಯಲ್ಲಿ ಒಂದೇ ಪತ್ರ ಕಳಿಸಿದೆವು. ಈ ಪ್ರಕರಣದಲ್ಲಿ ಉಪಯೋಗಕ್ಕೆ ಬಂದ ಸಂಗತಿ ಆ ಪತ್ರದಲ್ಲಿದೆ ಎಂದು ನಾನು ನಂಬಿರುವುದರಿಂದ ಅದರ ಒಳಗನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಲ್ಲಿಯವರೆಗೆ ಎಲ್ಲವೂ ಒಂದೇ ಕಟ್ಟಾಗಿತ್ತು: ಬೇಬಾಕಿ ಮುಗಿದರೆ ಅಂತಿಮ ಲೆಕ್ಕ, ಅಂತಿಮ ಲೆಕ್ಕ ಮುಗಿದರೆ ಬಿಡುಗಡೆ ಪತ್ರ. ನಾವು ಆ ಕಟ್ಟನ್ನು ಬಿಚ್ಚಿದೆವು. ಬಿಡುಗಡೆ ಪತ್ರ ಹೇಳುವುದು ಇಷ್ಟೇ: ಇಂಥವರು ಇಂಥ ದಿನದಿಂದ ಇಂಥ ದಿನದವರೆಗೆ ಇಲ್ಲಿ ಇಂಥ ಕೆಲಸ ಮಾಡಿದರು, ಈಗ ಇಲ್ಲಿನ ಕೆಲಸದಲ್ಲಿಲ್ಲ. ಮಾರ್ಚ್ 12ರ ಹಾಜರಿ ಪುಸ್ತಕ ಮುಗಿದ ಕ್ಷಣಕ್ಕೇ ಅದು ಸತ್ಯವಾಗಿಬಿಟ್ಟಿದೆ. ಗ್ಯಾಸ್ ಡಿಟೆಕ್ಟರ್ ಸಿಕ್ಕರೂ ಸಿಗದಿದ್ದರೂ ಅದು ಬದಲಾಗುವುದಿಲ್ಲ. ಹಾಗಾಗಿ ಬಿಡುಗಡೆ ಪತ್ರವನ್ನು ಮೊದಲು ಕೊಡಿ, ಲೆಕ್ಕವನ್ನು ನಂತರ ಮಾಡಿ ಎಂದು ಕೇಳಿದೆವು. ಉಪಕರಣ ಸಿಗದೇ ಹೋದರೆ ಅದರ ಬೆಲೆಯನ್ನು ರಜೆ ನಗದೀಕರಣದ ಹಣದಲ್ಲಿ ಹಿಡಿದುಕೊಳ್ಳಲು ಒಪ್ಪಿಗೆಯಿದೆ ಎಂದು ಬರೆದು ರುಜು ಹಾಕಿಸಿದೆ. ಗ್ರಾಚ್ಯುಟಿಯಲ್ಲಿ ಹಿಡಿದುಕೊಳ್ಳಬಹುದು ಎಂದು ಬರೆಯಲಿಲ್ಲ. ನಷ್ಟ ಉಂಟುಮಾಡಿದ ಕಾರಣಕ್ಕೆ ಕೆಲಸದಿಂದ ತೆಗೆದಾಗ ಮಾತ್ರ ಆ ನಷ್ಟದಷ್ಟು ಗ್ರಾಚ್ಯುಟಿಯನ್ನು ತಡೆಯಲು ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಅವಕಾಶ ಕೊಡುತ್ತಿತ್ತು. ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿಗೆ ಆ ಮಾತು ಅನ್ವಯಿಸುತ್ತಿರಲಿಲ್ಲ. ಪತ್ರದ ಜೊತೆಗೆ ಗ್ರಾಚ್ಯುಟಿ ಕೇಳುವ ನಮೂನೆ ‘ಐ’ ಅರ್ಜಿಯನ್ನೂ ಇಟ್ಟೆವು. ಒಂಬತ್ತು ವರ್ಷ ಏಳು ತಿಂಗಳ ಸೇವೆ. ಆರು ತಿಂಗಳಿಗೆ ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಹಿಡಿಯುವುದರಿಂದ ಹತ್ತು ವರ್ಷ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ರೂ. 18,200. ಅದನ್ನು ತಿಂಗಳ 26 ಕೆಲಸದ ದಿನಗಳಿಂದ ಭಾಗಿಸಿದರೆ ದಿನಕ್ಕೆ 700, ವರ್ಷಕ್ಕೆ ಹದಿನೈದು ದಿನದಂತೆ 10,500, ಹತ್ತು ವರ್ಷಕ್ಕೆ ರೂ. 1,05,000. ಈ ಲೆಕ್ಕವನ್ನು ಪತ್ರದಲ್ಲೇ ಬರೆದೆವು, ಯಾರೂ ಮತ್ತೆ ಕೂಡಿಸಿ ಕಳೆಯಲು ಕೂರುವ ಅಗತ್ಯ ಬೀಳದಿರಲಿ ಎಂದು.

ಮಾರ್ಚ್ 22ರ ಶನಿವಾರ ಡಿಟೆಕ್ಟರ್ ಸಿಕ್ಕಿತು. ಇವರ ಜೊತೆ ಕೆಲಸ ಮಾಡುತ್ತಿದ್ದ ಬಿ ಪಾಳಿಯ ಆಪರೇಟರ್ ಕಂಟ್ರೋಲ್ ರೂಮಿನ ಹಳೆಯ ಕಬ್ಬಿಣದ ಕಪಾಟನ್ನು ಖಾಲಿ ಮಾಡಿ ಹುಡುಕಿದ್ದರು. ಸವೆದ ಕೈಗವಸುಗಳ ರಾಶಿಯ ಅಡಿಯಲ್ಲಿ, ಬ್ಯಾಟರಿ ಸತ್ತು, ಮೈಗೆಲ್ಲ ಕಲ್ಲಿದ್ದಲ ಧೂಳು ಮೆತ್ತಿಕೊಂಡು ಬಿದ್ದಿತ್ತಂತೆ. ಹಿಂಬದಿಯ ಚೀಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಸಂಖ್ಯೆ ಓದಿ, ಅದರ ಫೋಟೊವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ರಿಜಿಸ್ಟರ್‌ನ ಸಂಖ್ಯೆಯೂ ಅದೂ ಒಂದೇ. ಸೋಮವಾರ ಎರಡನೆಯ ಸಾಲಿಗೆ ರುಜು ಬಿತ್ತು, ಅಂದೇ ಸಂಜೆಯೊಳಗೆ ಉಳಿದ ಆರೂ ಬಿದ್ದವು. ಮೂರು ವಾರ ನಿಂತಿದ್ದ ಕಾಗದ ಒಂದೇ ದಿನದಲ್ಲಿ ಓಡಿತೆಂದರೆ, ಆ ಆರು ಮೇಜುಗಳಲ್ಲಿ ಮಾಡಬೇಕಾದ ಕೆಲಸ ನಿಜವಾಗಿ ಎಷ್ಟಿತ್ತು ಎಂದು ಯೋಚಿಸಬೇಕಾಗುತ್ತದೆ.

ಆದರೂ ಬಿಡುಗಡೆ ಪತ್ರ ಬಂದದ್ದು ಉಪಕರಣ ಸಿಕ್ಕಿದ್ದರಿಂದ ಎಂದು ನಾನು ಹೇಳಲಾರೆ. ಮಾರ್ಚ್ 26ರಂದು ಕೇಂದ್ರ ಕಚೇರಿಯಿಂದ ಮೇಲ್‌ನಲ್ಲಿ ಬಂದ ಪತ್ರದ ಉಲ್ಲೇಖದಲ್ಲಿ ಇದ್ದದ್ದು ನಮ್ಮ 17ರ ಪತ್ರ, ಬೇಬಾಕಿ ಪತ್ರದ ಮಾತೇ ಅಲ್ಲಿರಲಿಲ್ಲ. ಅಲ್ಲಿ ಯಾರೋ ಒಬ್ಬರು ನಮ್ಮ ಪತ್ರವನ್ನು ಪೂರ್ತಿ ಓದಿ ಹದಿನೈದು ದಿನದ ಸರದಿಯನ್ನು ಬದಿಗಿಟ್ಟಿದ್ದರು. ಅದರಲ್ಲೂ ಒಂದು ತಪ್ಪು ಉಳಿದಿತ್ತು: ಹುದ್ದೆಯ ಜಾಗದಲ್ಲಿ ‘ಸಹಾಯಕ’ ಎಂದಿತ್ತು. 2015ರ ನೇಮಕಾತಿ ಪತ್ರವನ್ನು ನೋಡಿ ಬರೆದಿರಬೇಕು. ಕಿಲ್ನ್ ಆಪರೇಟರ್ ಎಂದು ಕರೆದವರ ಮುಂದೆ ಸಹಾಯಕನೆಂಬ ಕಾಗದ ಹಿಡಿದು ನಿಲ್ಲುವಂತಿಲ್ಲ. ಬಡ್ತಿ ಆದೇಶದ ಪ್ರತಿಯನ್ನು ಲಗತ್ತಿಸಿ ಕಳಿಸಿ, ತಿದ್ದಿದ ಪತ್ರ 28ರ ಸಂಜೆ ಕೈಸೇರಿತು. ಮರುದಿನ ಅವರು ಹೊರಟರು. ಅದರ ಮರುದಿನ ಯುಗಾದಿ. ಸೀಟು ಖಾತ್ರಿಯಾಗಿರಲಿಲ್ಲ, ಜನರಲ್ ಬೋಗಿಯಲ್ಲಿ ಹೋಗಿ, ಏಪ್ರಿಲ್ 1ರ ಬೆಳಿಗ್ಗೆ ಹಾಜರಾದರು.

ಮನೆ ಸಿಗಲಿಲ್ಲ. ಮಾರ್ಚ್‌ನಲ್ಲಿ ಹಾಜರಾದವರಿಗೆ ಹಂಚಿಕೆ ಮುಗಿದಿತ್ತು, ಮುಂದಿನ ಖಾಲಿ ಮನೆ ಜೂನ್‌ಗೆ. ಭಾಗ್ಯನಗರದ ಮನೆಯನ್ನು ಏಪ್ರಿಲ್ ಮಧ್ಯದಲ್ಲಿ ಬಿಡಲೇಬೇಕಿತ್ತು. ಹೆಂಡತಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಕುಷ್ಟಗಿ ತಾಲ್ಲೂಕಿನ ತವರಿಗೆ ಹೋದರು, ಸಾಮಾನುಗಳನ್ನು ಅಣ್ಣನ ಮನೆಯ ಪಡಸಾಲೆಯಲ್ಲಿ ಒಟ್ಟಿದರು. ಮಗಳ ವರ್ಗಾವಣೆ ಪತ್ರ, ಹೊರರಾಜ್ಯಕ್ಕೆ ಬೇಕಾದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು, ಗ್ಯಾಸ್ ಸಂಪರ್ಕ ಮರಳಿಸಿದ್ದರ ವೋಚರ್, ಇವೆಲ್ಲ ಆಕೆಯೊಬ್ಬರೇ ಓಡಾಡಿ ಒಂದು ವಾರದೊಳಗೆ ಮಾಡಿಕೊಂಡರು. ನನ್ನ ಸಹಾಯವೂ ಬೇಕಾಗಲಿಲ್ಲ. ಮಗಳು ಹೊಸ ಶಾಲೆಗೆ ಕಾಲಿಟ್ಟದ್ದು ಬೇಸಿಗೆ ರಜೆ ಮುಗಿದ ಮೇಲೆ ಜೂನ್‌ನಲ್ಲಿ. ಏಪ್ರಿಲ್‌ನಲ್ಲಿ ಎಲ್ಲರ ಜೊತೆ ಶುರುಮಾಡಿದ್ದರೆ ಹಿಂದಿ ಅಕ್ಷರ ಅವಳಿಗೆ ಆಗಲೇ ಕೈಗೆ ಬಂದಿರುತ್ತಿತ್ತು ಎಂದು ತಂದೆ ಫೋನಿನಲ್ಲಿ ಹೇಳಿದರು. ಈ ಪ್ರಕರಣದ ನಿಜವಾದ ನಷ್ಟವನ್ನು ನಾನು ಬರೆಯಬೇಕಾದರೆ ಅದನ್ನೇ ಮೊದಲು ಬರೆಯುತ್ತೇನೆ.

ಭವಿಷ್ಯ ನಿಧಿಯ ಮಾರ್ಚ್ ತಿಂಗಳ ವಂತಿಗೆ ಏಪ್ರಿಲ್ 15ರೊಳಗೆ ಖಾತೆಗೆ ಬಿದ್ದಿತ್ತು. ಯಾರೂ ಕೇಳಿರಲಿಲ್ಲ, ಯಾರೂ ಬಾಗಿಲಲ್ಲಿ ನಿಂತಿರಲಿಲ್ಲ. ಪ್ರತಿ ತಿಂಗಳ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು, ತಪ್ಪಿದರೆ ದಂಡ ಮತ್ತು ಬಡ್ಡಿ. ಅದೇ ಕಾರ್ಖಾನೆಯ ಅದೇ ಮೇಜುಗಳು ಅದನ್ನು ಒಂದು ದಿನ ತಪ್ಪದೆ ಮಾಡುತ್ತವೆ. ಕೆಲಸ ಬಿಟ್ಟ ದಿನಾಂಕವನ್ನು ಪೋರ್ಟಲ್‌ನಲ್ಲಿ ನಮೂದಿಸುವ ಕೆಲಸಕ್ಕೆ ಆ ಬಿಗಿಯಿಲ್ಲ. ಅದು ಮೇ ಕೊನೆಯವರೆಗೂ ಖಾಲಿಯಾಗಿಯೇ ಇತ್ತು. ಕೊನೆಯ ವಂತಿಗೆಯ ತಿಂಗಳಿಂದ ಎರಡು ತಿಂಗಳು ಕಳೆದ ಮೇಲೆ ಸದಸ್ಯರೇ ಆಧಾರ್ ಒಟಿಪಿಯಿಂದ ಅದನ್ನು ನಮೂದಿಸಬಹುದು. ಹಳೆಯ ಸಿಮ್ ಇನ್ನೂ ಚಾಲ್ತಿಯಲ್ಲಿದ್ದುದರಿಂದ ಜೂನ್ ಮೊದಲ ವಾರ ಅವರು ಅಲ್ಲಿಂದಲೇ ಅದನ್ನು ಮುಗಿಸಿದರು, ಹೆಸರು ಮೊದಲೇ ಸರಿಯಾಗಿದ್ದುದರಿಂದ ಜುಲೈನಲ್ಲಿ ಹಣ ಹೊಸ ಖಾತೆಗೆ ವರ್ಗವಾಯಿತು.

ಅಂತಿಮ ಲೆಕ್ಕದ ಸಂಬಳ ಬಂದದ್ದು ಮೇ ತಿಂಗಳಲ್ಲಿ. ಆಗ ಜಾರಿಯಲ್ಲಿದ್ದ ವೇತನ ಪಾವತಿ ಕಾಯ್ದೆಯು ಮಾಲೀಕರೇ ಕೆಲಸದಿಂದ ತೆಗೆದವರಿಗೆ ಎರಡು ಕೆಲಸದ ದಿನಗಳಲ್ಲಿ ವೇತನ ಕೊಡಬೇಕೆಂದು ಹೇಳುತ್ತಿತ್ತು, ತಾವಾಗಿ ಬಿಟ್ಟವರ ಹೆಸರು ಅದರಲ್ಲಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ವೇತನ ಸಂಹಿತೆಯಲ್ಲಿ ರಾಜೀನಾಮೆ ಕೊಟ್ಟವರಿಗೂ ಅದೇ ಎರಡು ದಿನದ ಗಡುವು ಇದೆ. ಅದು ವೇತನಕ್ಕೆ ಸಂಬಂಧಿಸಿದ್ದು. ಬಿಡುಗಡೆ ಪತ್ರಕ್ಕೆ ಅಂಥ ದಿನದ ಎಣಿಕೆಯನ್ನು ಅದೂ ಹಾಕಿಲ್ಲ. ಈಗ ನನ್ನ ಬಳಿ ರಾಜೀನಾಮೆ ಬರೆಸಲು ಬರುವವರಿಗೆ ನಾನು ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಎಚ್.ಆರ್. ವಿಭಾಗದ ಮೊಹರು ಮತ್ತು ದಿನಾಂಕ ಹಾಕಿಸಿಕೊಂಡು ಬರುವವರೆಗೆ ಟಿಕೆಟ್ ತೆಗೆಯಬೇಡಿ ಎನ್ನುತ್ತೇನೆ. ಬಿಡುಗಡೆ ಪತ್ರ ಬೇಕಾದ ದಿನವನ್ನು ರಾಜೀನಾಮೆಯ ಕೊನೆಯ ಸಾಲಿನಲ್ಲೇ ಬರೆಸುತ್ತೇನೆ. ಬೇಬಾಕಿ ಪತ್ರದ ಪ್ರತಿ ರುಜುವಿನ ಕೆಳಗೆ ದಿನಾಂಕವನ್ನು ನೀವೇ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ ಎಂದೂ ಹೇಳುತ್ತೇನೆ.

ಗ್ರಾಚ್ಯುಟಿ ಮೇ 26ರಂದು ಬಂತು, ಪೂರ್ತಿ ರೂ. 1,05,000. ಅದನ್ನು ಕೊಡಲು ಇದ್ದ ಮೂವತ್ತು ದಿನಗಳ ಗಡುವು ಏಪ್ರಿಲ್ 11ಕ್ಕೆ ಮುಗಿದಿತ್ತು. ನಂತರದ 45 ದಿನಕ್ಕೆ ಶೇ. 10ರಂತೆ ಸುಮಾರು ರೂ. 1,295 ಬಡ್ಡಿ ಬರಬೇಕು. ಅದಕ್ಕೆ ಅರ್ಜಿ ಸಿದ್ಧಪಡಿಸಿ ಫೋನ್ ಮಾಡಿದೆ. “ಇರ್‍ಲಿ ಬಿಡ್ರಿ ಸರ್, ಬಂದ ಊರಾಗ ಈಗ ಕೆಲಸ ನೋಡ್ತೀನಿ. ಮತ್ತ ಆ ಗೇಟಿಗೆ ಕಾಗದ ಕಳಿಸೋದು ನನ್ನಿಂದ ಆಗಂಗಿಲ್ಲ” ಎಂದರು. ನಾನು ಒತ್ತಾಯಿಸಲಿಲ್ಲ. ಅವರ ಹೆಸರು, ಸೇವೆಯ ಅವಧಿ, ಮೊತ್ತ ಎಲ್ಲ ತುಂಬಿರುವ ಆ ಅರ್ಜಿ ರುಜುವಿಲ್ಲದೆ ನನ್ನ ಕಡತದಲ್ಲಿದೆ.